ಡಿಕ್ಕಿಗೆ ಮೊದಲು ಏನು ಹಾಕಬೇಕು?

ಸಕಲೇಶಪುರದ ಆಚೆ ಕಾಫಿ ತೋಟಕ್ಕೆ ಇಳಿಯುವ ಮಣ್ಣಿನ ದಾರಿ, ಜುಲೈ ತಿಂಗಳ ಸಂಜೆ. ನನ್ನ ಕಾರಿನ ಮುಂದಿನ ಎರಡೂ ಚಕ್ರ ಕೆಸರಿನಲ್ಲಿ ಹೂತಿದ್ದವು. ಟ್ರ್ಯಾಕ್ಟರ್ ತಂದ ತೋಟದ ಹುಡುಗ ಹಗ್ಗ ಹಿಡಿದು ಕೇಳಿದ: "ಹುಕ್ ಎಲ್ಲೈತೆ ಸಾರ್?" ಆರು ವರ್ಷ ಓಡಿಸಿದ ಕಾರು, ನನಗೇ ಗೊತ್ತಿರಲಿಲ್ಲ. ಕೊನೆಗೆ ಅವನೇ ಡಿಕ್ಕಿಯ ಮ್ಯಾಟ್ ಎತ್ತಿ, ಜಾಕಿಯ ಪಕ್ಕದಲ್ಲಿದ್ದ ಕಬ್ಬಿಣದ ಬಳೆಯಂಥದ್ದನ್ನು ತೆಗೆದ. ಬಂಪರಿನಲ್ಲಿದ್ದ ಪುಟ್ಟ ಮುಚ್ಚಳವನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಒಳಗೆ ಥ್ರೆಡ್ ಇರುವ ತೂತು. ಹುಕ್ಕನ್ನು ಅದರೊಳಗೆ ತಿರುಗಿಸಿ, ವೀಲ್ ಸ್ಪ್ಯಾನರ್ ತೂರಿಸಿ ಬಿಗಿ ಮಾಡಿದ. ಐದು ನಿಮಿಷಕ್ಕೆ ಕಾರು ಮೇಲೆ ಬಂತು.

ಅಂದಿನಿಂದ, ದೂರ ಪ್ರಯಾಣಕ್ಕೆ ಏನೇನು ಕೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು: ಇರುವುದನ್ನು ಹುಡುಕಿ. ವಿಂಚ್ ಬೇಕೇ ಎಂಬುದು ಎಲ್ಲರ ಪ್ರಶ್ನೆ. ಬೇಡ. ಹೆದ್ದಾರಿಯಲ್ಲಿ ನಮ್ಮನ್ನು ನಿಲ್ಲಿಸುವುದು ಕೆಸರಿಗಿಂತ ಹೆಚ್ಚಾಗಿ ಟೈರು, ಆಮೇಲೆ ಬ್ಯಾಟರಿ. ಕೆಸರಿನ ಸರದಿ ಮೂರನೆಯದು. ದುಡ್ಡನ್ನೂ ಜಾಗವನ್ನೂ ಅದೇ ಕ್ರಮದಲ್ಲಿ ಕೊಡಿ.

ಟೈರಿಗೆ ಬೇಕಾದ್ದು ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಮತ್ತು 12 ವೋಲ್ಟ್‌ನ ಗಾಳಿ ಪಂಪ್. ಮೊಳೆ ಕಿತ್ತು, ತೂತು ಉಜ್ಜಿ, ಅಂಟು ಸವರಿದ ರಬ್ಬರ್ ಬತ್ತಿ ತುರುಕುವುದು ಮನೆಯಂಗಳದಲ್ಲಿ ಒಮ್ಮೆ ಕಲಿತರೆ ಬರುವ ಕೆಲಸ. ಆದರೆ ಟೈರಿನ ಪಕ್ಕದ ಗೋಡೆ ಹರಿದರೆ ಬತ್ತಿ ನಿಲ್ಲದು, ಸ್ಟೆಪ್ನಿಯೇ ಗತಿ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಬದಲಾಗಿದೆ. ಹಾಗಾಗಿ ಹೊಸ ಕಾರು ಕೊಂಡವರು ಸ್ಟೆಪ್ನಿ ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಇದ್ದರೆ ಅದರ ಗಾಳಿಯನ್ನೂ ನೋಡಿ. ಅಂಗೈಯಗಲದ ದಪ್ಪ ಹಲಗೆಯೊಂದು ಜೊತೆಗಿರಲಿ. ಒದ್ದೆ ಮಣ್ಣಿನಲ್ಲಿ ಜಾಕಿ ಕಾರನ್ನು ಎತ್ತುವುದಿಲ್ಲ, ತಾನೇ ಇಳಿಯುತ್ತದೆ.

ಬ್ಯಾಟರಿಗೆ ಒಂದು ಜೊತೆ ಜಂಪರ್ ಕೇಬಲ್ ಸಾಕು. ಕಪ್ಪು ತಂತಿಯ ಕೊನೆಯ ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕದೆ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಾಕಿ. ಬ್ಯಾಟರಿಯ ಬಳಿ ಕಿಡಿ ಹಾರಬಾರದು.

ಇನ್ನು ಕೆಸರು, ಮರಳು. ಕರಾವಳಿಯಲ್ಲಿ ಕಡಲಂಚಿಗೇ ಕಾರು ಇಳಿಸುವ ಉತ್ಸಾಹಿಗಳನ್ನು ನೋಡಿರುತ್ತೀರಿ. ಚಕ್ರ ತಿರುಗತೊಡಗಿದ ಕೂಡಲೇ ಆಕ್ಸಿಲರೇಟರ್ ಬಿಡಿ. ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. 32 ಪಿಎಸ್‌ಐ ಇರುವ ಗಾಳಿಯನ್ನು 20ರ ಹತ್ತಿರಕ್ಕೆ ಇಳಿಸಿದರೆ ಟೈರು ಅಗಲವಾಗಿ ಕೂರುತ್ತದೆ, ಹಿಡಿತ ಸಿಗುತ್ತದೆ. ಚಿಕ್ಕ ಸಲಿಕೆಯಿಂದ ಚಕ್ರದ ಮುಂದೆ ಇಳಿಜಾರು ಮಾಡಿ ಗೋಣಿಚೀಲ ಹಾಸಿ. ಸಾವಿರಾರು ರೂಪಾಯಿಯ ಟ್ರ್ಯಾಕ್ಷನ್ ಬೋರ್ಡು ಮಾಡುವುದೂ ಇದನ್ನೇ, ಕೊಂಚ ಚೆನ್ನಾಗಿ. ಟಾರು ರಸ್ತೆಗೆ ಬಂದಮೇಲೆ ವೇಗ ಹಿಡಿಯುವ ಮೊದಲೇ ಗಾಳಿ ತುಂಬಿಸಬೇಕು. ಆ ಪಂಪ್ ಇಲ್ಲಿಗೂ ಬಂತು ನೋಡಿ.

ಎಳೆಯುವ ಬೆಲ್ಟಿನ ವಿಷಯದಲ್ಲಿ ಅವಸರ ಬೇಡ. ಅದರಲ್ಲಿ ಎರಡು ಜಾತಿ. ಪಾಲಿಯೆಸ್ಟರ್ ಬೆಲ್ಟ್ ಹೆಚ್ಚು ಹಿಗ್ಗುವುದಿಲ್ಲ, ನಿಧಾನವಾಗಿ ಎಳೆಯಲು ಸರಿ. ನೈಲಾನಿನ ಕೈನೆಟಿಕ್ ಹಗ್ಗ ಹಿಗ್ಗಿ, ಕವಣೆಯಂತೆ ಶಕ್ತಿ ಕೂಡಿಟ್ಟು, ಹೂತ ಗಾಡಿಯನ್ನು ಜಗ್ಗುತ್ತದೆ. ಥಾರ್‌ನಂಥ, ಚಾಸಿಗೇ ಗಟ್ಟಿ ಹುಕ್ ಇರುವ ಗಾಡಿಗೆ ಅದು ಒಳ್ಳೆಯದು. ಸಣ್ಣ ಕಾರಿನ ಆ ತಿರುಗಿಸಿ ಹಾಕುವ ಹುಕ್ ನೇರವಾದ, ನಿಧಾನದ ಎಳೆತಕ್ಕೆ ಮಾತ್ರ. ಜಗ್ಗಿದರೆ ಕಿತ್ತು ಗುಂಡಿನಂತೆ ಹಾರಬಹುದು. ಹಾಗಾಗಿ ಸಣ್ಣ ಕಾರಿನವರಿಗೆ ನನ್ನ ಮತ ಪಾಲಿಯೆಸ್ಟರ್‌ಗೆ. ಜನ, ಸಾಮಾನು ಸೇರಿ ಒಂದೂವರೆ ಟನ್ ತೂಗುವ ಕಾರಿಗೆ ಕನಿಷ್ಠ ನಾಲ್ಕು ಟನ್ ತಡೆಯುವ ಬೆಲ್ಟ್ ಇರಲಿ. ತಡೆಯುವ ಭಾರ ಬರೆಯದೇ ಇರುವ ಬೆಲ್ಟ್ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಎಳೆಯುವಾಗ ಬೆಲ್ಟಿನ ನಡುವೆ ಒದ್ದೆ ಕಂಬಳಿ ಹೊದಿಸಿ. ತುಂಡಾದರೆ ಹಾರುವ ರಭಸ ತಗ್ಗುತ್ತದೆ. ನೋಡಲು ಬಂದವರನ್ನು ಬೆಲ್ಟಿನ ಉದ್ದಕ್ಕಿಂತ ದೂರ ಕಳಿಸಿ. ವಿಡಿಯೊ ಮಾಡುವವರನ್ನಂತೂ ಮೊದಲು.

ತಲೆಗೆ ಕಟ್ಟುವ ಟಾರ್ಚು, ಕೈಗವಸು, ಪ್ರತಿಫಲಿಸುವ ತ್ರಿಕೋನ: ಇವಕ್ಕೆ ವಿವರಣೆ ಬೇಕಿಲ್ಲ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033 ಅನ್ನು ಫೋನಿನಲ್ಲಷ್ಟೇ ಅಲ್ಲ, ಚೀಟಿಯಲ್ಲೂ ಬರೆದಿಡಿ.

ಇಷ್ಟೆಲ್ಲ ಒಂದು ಮಧ್ಯಮ ಗಾತ್ರದ ಚೀಲದಲ್ಲಿ ಹಿಡಿಯುತ್ತದೆ. ಚೀಲ ಕೊಳ್ಳುವ ಮೊದಲು, ಈ ಭಾನುವಾರ ಡಿಕ್ಕಿಯ ಮ್ಯಾಟ್ ಎತ್ತಿ ಹುಕ್ ಹುಡುಕಿ, ಒಮ್ಮೆ ತಿರುಗಿಸಿ ಹಾಕಿ ನೋಡಿ. ಕೆಲವು ಕಾರುಗಳಲ್ಲಿ ಅದು ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ.