ದಿನಕ್ಕೊಂದು ಪಟ: ಗೃಹಜೀವನದ ಒಂದು ಅಭ್ಯಾಸಪಾಠ

ನಮ್ಮ ಅಜ್ಜಿಯವರು ಕಾಲವಾದ ದಿನ, ಗೋಡೆಯ ಮೇಲೆ ಇಡುವದಕ್ಕೆ ಒಂದು ಭಾವಚಿತ್ರ ಬೇಕೆಂದು ಸಿರಿಗೇರಿಯ ನಮ್ಮ ಮನೆಯ ಪೆಟ್ಟಿಗೆಗಳನ್ನೆಲ್ಲ ತೆರೆದು ಹುಡುಕಿದೆವು. ದೊರೆತವು ಎರಡೇ. ಒಂದು ಪಡಿತರ ಚೀಟಿಗಾಗಿ ತೆಗೆಯಿಸಿದ, ಹೆಬ್ಬೆರಳಿನಷ್ಟು ಅಗಲದ ಪಟ; ಇನ್ನೊಂದು ಚಿಕ್ಕಪ್ಪನ ಮದುವೆಯ ಗುಂಪುಚಿತ್ರ, ಅದರಲ್ಲಿ ಅವರ ಅರ್ಧ ಮುಖವನ್ನು ಮುಂದೆ ನಿಂತವರ ರುಮಾಲು ಮರೆಮಾಡಿತ್ತು. ಚಿಕ್ಕ ಪಟವನ್ನು ದೊಡ್ಡದು ಮಾಡಲು ಕೊಟ್ಟಾಗ ಸ್ಟುಡಿಯೋದವನು ಅವರು ಎಂದೂ ಉಡದ ಬಣ್ಣದ ಸೀರೆಯೊಂದನ್ನು ಅದಕ್ಕೆ ಉಡಿಸಿ ಕೊಟ್ಟನು. ಈಗ ಗೋಡೆಯ ಮೇಲಿರುವ ಮುಖವು ಮುತ್ತಜ್ಜಿಯದೆಂದು ಮಕ್ಕಳಿಗೆ ನಾವೇ ಹೇಳಿಕೊಡಬೇಕಾಗಿದೆ. ಬಾಳಿನುದ್ದಕ್ಕೂ ನಸುಕಿನಲ್ಲೆದ್ದು ಜೋಳದ ರೊಟ್ಟಿಯನ್ನು ಬಡಿದ ಆ ಕೈಗಳ ಚಿತ್ರವು ಒಂದೂ ಇಲ್ಲ.

ಪೂರ್ವ ವಿದ್ಯಾರ್ಥಿನಿಯರಾದ ಸಹೋದರಿಯರೇ, ತಾಯಿತಂದೆಗಳೇ, ಈ ಕೊರತೆಯು ನಮ್ಮ ಒಂದು ಮನೆಯದೇ ಅಲ್ಲವೆಂದು ನೆನಸುತ್ತೇವೆ. ಸಿರುಗುಪ್ಪ ತಾಲ್ಲೂಕಿನ ನಮ್ಮ ಸಿರಿಗೇರಿಯಂಥ ಹಳ್ಳಿಯಲ್ಲಿಯೂ ಈಗ ಕ್ಯಾಮರಾವುಳ್ಳ ಮೊಬೈಲು ಇಲ್ಲದ ಮನೆ ಅಪರೂಪ. ಆದರೆ ಅದರೊಳಗೆ ಕೂಡಿಸಿಟ್ಟಿರುವದು ಏನು? ಮದುವೆ, ಜಾತ್ರೆ, ಹುಟ್ಟಿದ ಹಬ್ಬ, ಹೊಸ ಬಟ್ಟೆ. ವರುಷದಲ್ಲಿ ಹತ್ತು ದಿನಗಳ ಚಿತ್ರ ಸಾವಿರವುಂಟು. ಮಿಕ್ಕ ದಿನಗಳದು ಇಲ್ಲವೆಂದರೂ ಸಲ್ಲುವದು. ಸಾಧನವು ಕೈಗೆ ಬಂದರೂ ಕಾಣುವ ಕಣ್ಣಿಗೆ ಅಭ್ಯಾಸವಾಗಿಲ್ಲ. ಆದುದರಿಂದ ದಿನಕ್ಕೆ ಒಂದೇ ಪಟದಂತೆ ೩೦ ದಿನ ಮನೆಯ ಸಾಧಾರಣ ಜೀವನವನ್ನು ಚಿತ್ರಿಸುವ ಒಂದು ನೇಮವನ್ನು ಈ ಪಾಠದಲ್ಲಿ ವಿವರಿಸಲು ಬಯಸುತ್ತೇವೆ.

ಮೊದಲು ಸ್ವಲ್ಪ ಚರಿತ್ರೆಯನ್ನು ನೋಡೋಣ. ಫ್ರಾನ್ಸಿನ ದಾಗೆರ್ ಎಂಬವನ ಛಾಯಾಗ್ರಹಣ ವಿಧಾನವು ೧೮೩೯ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಅದಾಗಿ ೧೭ ವರುಷಗಳಿಗೆ, ಅಂದರೆ ೧೮೫೬ರಲ್ಲಿ, ಅಲೆಗ್ಜಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ, ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಹಂಪಿಯ ಗುಡಿಗೋಪುರಗಳನ್ನು ದೊಡ್ಡ ಕಾಗದದ ನೆಗೆಟಿವುಗಳ ಮೇಲೆ ಚಿತ್ರಿಸಿದನು. ಸುಮಾರು ೧೩೦ ವರುಷಗಳ ತರುವಾಯ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬವರು ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಪಟಗಳನ್ನು ತೆಗೆದರು. ಎರಡನ್ನೂ ಜೊತೆಗಿಟ್ಟು ನೋಡುವವರಿಗೆ ಕಾಲವು ಏನನ್ನು ಬದಲಿಸಿತು, ಏನನ್ನು ಉಳಿಸಿತು ಎಂಬದು ಒಂದೇ ನೋಟಕ್ಕೆ ತಿಳಿಯುವದು. ಆದರೆ ಅದೇ ೧೮೫೬ರಲ್ಲಿ ನಮ್ಮ ಸೀಮೆಯ ಒಲೆಯ ಮುಂದೆ ಕೂತಿದ್ದ ಒಬ್ಬ ತಾಯಿಯ ಚಿತ್ರವನ್ನು ನಾವು ಎಲ್ಲಿಯೂ ಕಂಡಿಲ್ಲ. ಇದಕ್ಕೆ ಕಾರಣವುಂಟು. ಆ ಕಾಗದವು ಬೆಳಕನ್ನು ಬಹು ನಿಧಾನವಾಗಿ ಹಿಡಿಯುತ್ತಿತ್ತು. ಕಲ್ಲು ಕದಲದೆ ನಿಂತಿತು. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ, ಅಡಿಗೆಮನೆಯಲ್ಲಿ ಸಾಕಷ್ಟು ಬೆಳಕೂ ಇರಲಿಲ್ಲ.

ಅಮೇರಿಕದ ಈಸ್ಟ್‌ಮನ್ ಎಂಬವನು ೧೮೮೮ರಲ್ಲಿ ೧೦೦ ಪಟಗಳ ಫಿಲ್ಮು ತುಂಬಿದ ಕೊಡಾಕ್ ಕ್ಯಾಮರಾವನ್ನು ಮಾರಾಟಕ್ಕೆ ತಂದನು; ೧೯೦೦ರಲ್ಲಿ ಒಂದು ಡಾಲರಿನ ಬ್ರೌನಿ ಕ್ಯಾಮರಾ ಬಂದಿತು. ಹೀಗೆ ಕ್ಯಾಮರಾವು ಅನೇಕ ದೇಶಗಳಲ್ಲಿ ಮನೆಯೊಳಗೆ ಕಾಲಿಟ್ಟಿತು. ನಮ್ಮಲ್ಲಿಯಾದರೋ ಬಹುಕಾಲ ಪಟವೆಂದರೆ ಸ್ಟುಡಿಯೋ, ಪರದೆ, ಕುರ್ಚಿ, ಉಸಿರು ಬಿಗಿಹಿಡಿದ ಮುಖ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಹಳೆಯ ಛಾಯಾಚಿತ್ರಗಳು ಬಾಸೆಲ್ ನಗರದಲ್ಲಿ ಇಂದಿಗೂ ಜೋಪಾನವಾಗಿವೆ. ಅವುಗಳಲ್ಲಿ ಶಾಲೆಗಳೂ ಕುಟುಂಬಗಳೂ ಕೆಲಸಗಾರರೂ ಉಂಟು. ಆದರೆ ಎಷ್ಟೋ ಪಟಗಳಲ್ಲಿ ಊರಿನ ಹೆಸರಿದೆ, ಅಲ್ಲಿ ನಿಂತ ಹುಡುಗಿಯ ಹೆಸರಿಲ್ಲ. ಚಿತ್ರವು ಉಳಿದರೂ ಹೆಸರು ಅಳಿಯಬಹುದೆಂಬದು ಇದರಿಂದ ಕಲಿಯತಕ್ಕ ಪಾಠ.

ನಿತ್ಯಜೀವನವೇ ಚಿತ್ರಕ್ಕೆ ತಕ್ಕ ವಿಷಯವೆಂದು ತೋರಿಸಿದ ಹಿರಿಯರು ನಮ್ಮ ನಾಡಿನಲ್ಲಿಯೇ ಇದ್ದರು. ಮೈಸೂರಿನ ಟಿ. ಎಸ್. ಸತ್ಯನ್ ಅವರು (೧೯೨೩–೨೦೦೯) ಹೆಸರುಳ್ಳ ಪುರುಷರನ್ನು ಚಿತ್ರಿಸಿದಷ್ಟೇ ಆದರದಿಂದ ಬೀದಿಯ ಮಕ್ಕಳನ್ನೂ ದುಡಿಯುವವರನ್ನೂ ಚಿತ್ರಿಸಿದರು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ದಿನಕ್ಕೊಂದೇ ಪಟವೆಂಬ ನೇಮಕ್ಕೆ ಅಮೇರಿಕದ ಜೇಮೀ ಲಿವಿಂಗ್‌ಸ್ಟನ್ ಎಂಬವರ ದೃಷ್ಟಾಂತವು ಪ್ರಸಿದ್ಧವಾದದ್ದು. ೧೯೭೯ರ ಮಾರ್ಚ್ ೩೧ರಿಂದ, ತಾವು ತೀರಿಕೊಂಡ ೧೯೯೭ರ ಅಕ್ಟೋಬರ್ ೨೫ರ ವರೆಗೆ, ಅವರು ದಿನಕ್ಕೊಂದು ಪೋಲರಾಯ್ಡ್ ಪಟವನ್ನು ತೆಗೆಯುತ್ತ ಬಂದರು. ಆರು ಸಾವಿರಕ್ಕೂ ಮಿಕ್ಕಿದ ಆ ಪಟಗಳಲ್ಲಿ ಸ್ನೇಹಿತರು, ಊಟದ ಮೇಜು, ಕಡೆಗೆ ಆಸ್ಪತ್ರೆಯ ಹಾಸಿಗೆ ಎಲ್ಲವೂ ಇವೆ. ಒಂದೊಂದಾಗಿ ನೋಡಿದರೆ ಎಷ್ಟೋ ಪಟಗಳು ಅಲ್ಪವಾಗಿ ತೋರುವವು. ಕೂಡಿಸಿ ನೋಡಿದರೆ ಒಬ್ಬ ಮನುಷ್ಯನ ಬಾಳು.

ಈಗ ಅಭ್ಯಾಸದ ಕ್ರಮವನ್ನು ಹೇಳುವೆವು.

ಒಂದನೆಯದು: ದಿನಕ್ಕೆ ಒಂದೇ ಪಟ. ಇಪ್ಪತ್ತು ತೆಗೆದು ಒಂದನ್ನು ಆರಿಸುವದಲ್ಲ. ಒಂದೇ ಎಂದು ತಿಳಿದಾಗ ಕೈ ತಡೆಯುವದು, ಕಣ್ಣು ಹುಡುಕುವದು. ಒಂದು ದಿನ ತಪ್ಪಿದರೆ ಆ ದಿನವನ್ನು ಬರಿದಾಗಿ ಬಿಟ್ಟು ಮುಂದೆ ನಡೆಯತಕ್ಕದ್ದು. ಮರುದಿನ ಎರಡು ತೆಗೆದು ಲೆಕ್ಕ ತುಂಬಿಸಬಾರದು.

ಎರಡನೆಯದು: ಪಟಕ್ಕಾಗಿ ಯಾರ ಕೆಲಸವನ್ನೂ ನಿಲ್ಲಿಸಬಾರದು, ಸೆರಗು ಸರಿಮಾಡಿಕೊಳ್ಳೆಂದೂ ನಗುವೆಂದೂ ಹೇಳಬಾರದು. ಮುಖವೇ ಬೇಕೆಂಬದಿಲ್ಲ. ಅಕ್ಕಿ ಆರಿಸುವ ಬೆರಳು, ಹೊಲದಿಂದ ಬಂದವರು ಹೊಸ್ತಿಲ ಬಳಿ ಬಿಟ್ಟ ಕೆಸರಿನ ಚಪ್ಪಲಿ, ಮಾಳಿಗೆಯ ಮೇಲೆ ಒಣಗಹಾಕಿದ ಮೆಣಸಿನಕಾಯಿ, ದೀಪದಡಿಯಲ್ಲಿ ತಲೆಬಾಗಿಸಿ ಲೆಕ್ಕ ಮಾಡುವ ಮಗಳು, ಇವೆಲ್ಲವೂ ಪಟಕ್ಕೆ ಯೋಗ್ಯವಾದವುಗಳು. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದು ಕಾಲುವೆಯ ನೀರು ಬಂದ ಮೇಲೆ ಸಿರುಗುಪ್ಪ ಸೀಮೆಯ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ಅಣೆಕಟ್ಟಿನ ವರುಷವು ಪುಸ್ತಕಗಳಲ್ಲಿದೆ. ಜೋಳ ಬೇಯುತ್ತಿದ್ದ ಒಲೆಯ ಮೇಲೆ ಅನ್ನದ ಗಡಿಗೆ ಏರಿದ ದಿನವನ್ನು ನಮ್ಮ ಮನೆಯಲ್ಲಿ ಯಾರೂ ಚಿತ್ರಿಸಿಡಲಿಲ್ಲ. ಇಂದು ನಮ್ಮ ಕಣ್ಣೆದುರಿನಲ್ಲಿ ನಡೆಯುತ್ತಿರುವ ಬದಲಾವಣೆಗಳೂ ಹಾಗೆಯೇ ಮರೆಯಾಗಬಾರದು.

ಮೂರನೆಯದು: ಬೆಳಕನ್ನು ಅರಿಯುವದು. ನಮ್ಮ ಕಡೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೆಳಕಿಂಡಿಯಿಂದ ಇಳಿಯುವ ಬೆಳಕಿಗಿಂತ ಉತ್ತಮವಾದದ್ದನ್ನು ಯಾವ ಸ್ಟುಡಿಯೋವೂ ಕೊಡಲಾರದು. ಕೆಲಸ ಮಾಡುವವರ ಪಕ್ಕದಿಂದ ಬೆಳಕು ಬೀಳುವಂತೆ ನಾವು ಸ್ಥಳವನ್ನು ಹಿಡಿಯಬೇಕು. ಬಾಗಿಲ ಬೆಳಕು ಅವರ ಬೆನ್ನ ಹಿಂದಿದ್ದರೆ ಮುಖವು ಕಪ್ಪಾಗುವದು; ಆಗ ಮೊಬೈಲಿನ ತೆರೆಯಲ್ಲಿ ಮುಖವಿರುವ ಸ್ಥಳವನ್ನು ಬೆರಳಿನಿಂದ ಮುಟ್ಟಿದರೆ ಯಂತ್ರವು ಆ ಮುಖಕ್ಕೆ ತಕ್ಕಷ್ಟು ಬೆಳಕನ್ನು ಹೊಂದಿಸಿಕೊಳ್ಳುವದು. ಫ್ಲ್ಯಾಶ್ ಬೇಡ, ಅದು ಬೆಳಕುನೆರಳುಗಳ ಮೆದುತನವನ್ನು ಅಳಿಸಿಬಿಡುವದು. ನೆಲದ ಮೇಲೆ ಕೂತವರನ್ನು ಚಿತ್ರಿಸುವಾಗ ನಾವೂ ನೆಲದ ಮೇಲೆ ಕೂಡುವದು ಮರ್ಯಾದೆಯೂ ಹೌದು, ಒಳ್ಳೆಯ ಚಿತ್ರಕ್ಕೆ ಉಪಾಯವೂ ಹೌದು.

ನಾಲ್ಕನೆಯದು: ಒಪ್ಪಿಗೆ. ಮನೆಯವರಾದರೂ ಬೇಡವೆಂದರೆ ಬೇಡ. ಮನೆಗಾಗಿ ತೆಗೆದದ್ದು ಮನೆಯಲ್ಲಿಯೇ ಇರಲಿ. ವಿಶೇಷವಾಗಿ ಮಕ್ಕಳ ಪಟಗಳನ್ನು ಊರಿಗೆಲ್ಲ ಹಂಚುವದು ಸಲ್ಲದು.

ಐದನೆಯದು: ಹೆಸರು ಮತ್ತು ಕಾಪು. ಪಟದ ಜೊತೆಗೆ ಒಂದು ಸಾಲು ಬರೆಯತಕ್ಕದ್ದು: ದಿನ, ಸ್ಥಳ, ಇರುವವರ ಹೆಸರು, ನಡೆಯುತ್ತಿದ್ದ ಕೆಲಸ. ಮೊಬೈಲು ಕೆಟ್ಟರೆ ಅಥವಾ ಕಳೆದರೆ ಅದರೊಂದಿಗೆ ಪಟಗಳೂ ಹೋಗುವವು. ಆದುದರಿಂದ ಬೇರೊಂದು ಕಡೆ ಪ್ರತಿಯನ್ನಿಟ್ಟು, ತಿಂಗಳಿಗೊಮ್ಮೆ ಮುಖ್ಯವಾದವುಗಳನ್ನಾದರೂ ಕಾಗದದ ಮೇಲೆ ಅಚ್ಚುಹಾಕಿಸಬೇಕು. ಬಿಸಿಲೂ ತೇವವೂ ಪಟದ ವೈರಿಗಳು. ಬಳ್ಳಾರಿಯ ಬೇಸಿಗೆಯನ್ನು ಬಲ್ಲ ನಾವು ಅವುಗಳನ್ನು ಕಿಟಕಿಯ ಎದುರಿನ ಗೋಡೆಗೆ ತೂಗಹಾಕದೆ, ಮನೆಯ ತಂಪಾದ ಕೋಣೆಯ ಪೆಟ್ಟಿಗೆಯಲ್ಲಿ ಇಡುವದು ಲೇಸು.

ಇದನ್ನೆಲ್ಲ ಬರಿಯ ಮಾತಿನಿಂದ ಹೇಳುತ್ತಿಲ್ಲ. ಅಜ್ಜಿಯವರು ಹೋದ ಮೇಲೆ ಸಿರಿಗೇರಿಯಲ್ಲಿ ಅಣ್ಣನ ಸಂಸಾರದ ನಡುವೆ ಒಂದು ತಿಂಗಳು ಈ ನೇಮವನ್ನು ನಾವೇ ನಡಿಸಿದೆವು. ಮೊದಲನೆಯ ವಾರದ ಕಡೆಗೆ ಎಣಿಸಿ ನೋಡಲಾಗಿ, ಏಳು ಪಟಗಳಲ್ಲಿ ನಾಲ್ಕು ಕೂಸಿನವು, ಎರಡು ಊಟದ ತಟ್ಟೆಯವು, ಒಂದು ಎತ್ತಿನದು. ಆ ತಟ್ಟೆಯನ್ನು ತುಂಬಿದ ಅತ್ತಿಗೆಯವರು ಒಂದರಲ್ಲಿಯೂ ಇಲ್ಲ! ಅಜ್ಜಿಯವರ ವಿಷಯದಲ್ಲಿ ಆದ ತಪ್ಪನ್ನೇ ನಾವು ಪುನಃ ಮಾಡುತ್ತಿದ್ದೆವು. ಎರಡನೆಯ ವಾರದಲ್ಲಿ ಅತ್ತಿಗೆಯವರನ್ನು ಕೇಳಿದಾಗ, ತಲೆ ಬಾಚಿಲ್ಲವೆಂದು ಮುಖ ತಿರುಗಿಸಿದರು. ಕೈಗಳನ್ನು ಮಾತ್ರ ತೆಗೆಯಲೋ ಎಂದಾಗ ನಕ್ಕು ಒಪ್ಪಿದರು. ಇಪ್ಪತ್ತಮೂರನೆಯ ದಿನ ಮರೆತುಹೋಯಿತು. ಅದನ್ನು ಬರಿದಾಗಿ ಬಿಟ್ಟೆವು.

ತಿಂಗಳು ಮುಗಿದ ಸಂಜೆ ೨೯ ಪಟಗಳನ್ನು ಪಡಸಾಲೆಯ ನೆಲದ ಮೇಲೆ ಸಾಲಾಗಿ ಹರಡಿದೆವು. ಮಕ್ಕಳು ತಮ್ಮನ್ನು ತಾವು ಹುಡುಕಿ ಕೇಕೆಹಾಕಿದರು. ಅಣ್ಣನು ಬಹಳ ಹೊತ್ತು ಮಾತಿಲ್ಲದೆ ನೋಡಿ, “ಇವಳು ಎಲ್ಲದರಲ್ಲಿಯೂ ನಿಂತೇ ಇದ್ದಾಳಲ್ಲಾ?” ಎಂದನು. ನಿಜವಾಗಿತ್ತು. ಅತ್ತಿಗೆಯವರು ಕಾಣಿಸಿಕೊಂಡ ಪಟಗಳಲ್ಲಿ ಕೂತದ್ದು ಒಂದರಲ್ಲಿ ಮಾತ್ರ, ಅದೂ ಅಕ್ಕಿ ಆರಿಸುತ್ತಾ. ಅದೇ ಮನೆಯಲ್ಲಿ ಹದಿನಾಲ್ಕು ವರುಷ ಕೂಡಿ ಬಾಳಿದವನಿಗೆ ಕಾಣದಿದ್ದದ್ದನ್ನು ನೆಲದ ಮೇಲಿನ ಕಾಗದಗಳು ಕಾಣಿಸಿದವು. ಆತನು ಬೇರೆ ಏನನ್ನೂ ಹೇಳಲಿಲ್ಲ. ಮರುದಿನ ಬೆಳಗಿನಿಂದ ನೀರಿನ ಕೊಡಗಳಲ್ಲಿ ಎರಡು ಅವನ ಪಾಲಿಗೆ ಬಂದವು.

ಸಹೋದರಿಯರೇ, ಮನೆಯ ಪಟಗಳನ್ನು ತೆಗೆಯುವವರು ಬಹುಶಃ ನೀವೇ. ಆದುದರಿಂದ ಪಟದಲ್ಲಿ ಇಲ್ಲದವರೂ ನೀವೇ. ವಾರಕ್ಕೊಂದು ದಿನ ಮೊಬೈಲನ್ನು ಮಗಳ ಕೈಗೆ ಕೊಟ್ಟು ನಿಮ್ಮ ಕೆಲಸವನ್ನು ನೀವು ಮಾಡುತ್ತಿರಿ. ಅವಳು ತೆಗೆದದ್ದು ಸೊಟ್ಟಗಿದ್ದರೂ ಅಳಿಸಬೇಡಿರಿ. ಮುಂದೊಂದು ದಿನ ಅವಳು ಪೆಟ್ಟಿಗೆಯನ್ನು ತೆರೆದಾಗ, ಇದು ನಮ್ಮ ತಾಯಿಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗದಿರಲಿ.