ಒಂದೇ ದಾಖಲೆಗೆ ಎರಡು ಲೋಪ

‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಉಕಾರವು ಲೋಪವಾಗುತ್ತದೆ. ಲೋಪವಾದುದಕ್ಕೆ ಮತ್ತೆ ಲೋಪವಿಲ್ಲ. ಡೇಟಾಬೇಸ್ ಎಂಬ ದತ್ತಸಂಚಯದಲ್ಲಿಯೂ ನ್ಯಾಯವಿದೇ. ಆದರೆ ಅದು ಪಾಲನೆಯಾಗಿದೆಯೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

2004ರಲ್ಲಿ ಪ್ರಕಟವಾದ ‘ರೂಬಿ ಆನ್ ರೈಲ್ಸ್’ ಎಂಬ ಜಾಲತಾಣ ನಿರ್ಮಾಣದ ಚೌಕಟ್ಟನ್ನೇ ನೋಡೋಣ. ಒಂದು ಕಪಾಟಿನಲ್ಲಿ 5 ಗ್ರಂಥಗಳಿದ್ದು, ಕಪಾಟಿನ ದಾಖಲೆಯಲ್ಲಿ ಆ ಎಣಿಕೆ ಬರೆದಿದೆಯೆನ್ನಿ. ಜೀರ್ಣವಾದ ಒಂದು ಗ್ರಂಥದ ದಾಖಲೆಯನ್ನು ಇಬ್ಬರು ಏಕಕಾಲದಲ್ಲಿ ಅಳಿಸಹೊರಟರು. ದತ್ತಸಂಚಯವು ಮೊದಲನೆಯವನಿಗೆ ‘ಅಳಿದ ಸಾಲು ಒಂದು’ ಎನ್ನುತ್ತದೆ. ಎರಡನೆಯವನಿಗೆ ‘ಸೊನ್ನೆ’ ಎನ್ನುತ್ತದೆಯೇ ಹೊರತು ತಪ್ಪೆನ್ನುವುದಿಲ್ಲ. ಆ ಸೊನ್ನೆಯನ್ನು ಲಕ್ಷಿಸದೆ ಎರಡು ಸಲವೂ ಎಣಿಕೆಯನ್ನು ತಗ್ಗಿಸಿದರೆ ಕಪಾಟಿನಲ್ಲಿ 4, ಲೆಕ್ಕದಲ್ಲಿ 3!

ಇದರ ಪರೀಕ್ಷೆಗೆ ನಿಜವಾದ ನೂಕುನುಗ್ಗಲು ಬೇಕಿಲ್ಲ. ದಾಖಲೆಯ ಎರಡು ಪ್ರತಿಗಳನ್ನು ಮೊದಲೇ ಸ್ಮೃತಿಗೆ ತಂದುಕೊಂಡು, ಒಂದರ ಮೂಲಕ ಅಳಿಸಿ, ಹಳತಾದ ಇನ್ನೊಂದರ ಮೂಲಕವೂ ಅಳಿಸಿ, ಎಣಿಕೆ 4 ಇದೆಯೇ ಎಂದು ನೋಡಿದರೆ ಸಾಕು. ದಾಖಲೆಗೆ ಆವೃತ್ತಿಸಂಖ್ಯೆಯ ಅಂಕಣವಿದ್ದರೆ ಎರಡನೆಯ ಯತ್ನಕ್ಕೆ ‘ಹಳತಾದ ಪ್ರತಿ’ ಎಂಬ ಆಕ್ಷೇಪ ಏಳತಕ್ಕದ್ದು.

ಬೀಗದ ವರ್ತನೆಯನ್ನೇ ಕಾಣಬೇಕಾದಾಗ ಮಾತ್ರ ಎರಡು ಪ್ರತ್ಯೇಕ ಸಂಪರ್ಕಗಳು ಬೇಕು. ಇಲ್ಲಿಯೇ ಮೋಸಹೋಗುವುದು ಸುಲಭ. ರೈಲ್ಸ್ ಸಾಮಾನ್ಯವಾಗಿ ಪ್ರತಿ ಪರೀಕ್ಷೆಯನ್ನೂ ಒಂದು ವಹಿವಾಟಿನೊಳಗೆ ನಡೆಸಿ ಕೊನೆಗೆ ರದ್ದುಗೊಳಿಸುತ್ತದೆ; 2017ರ 5.1ನೆಯ ಆವೃತ್ತಿಯಿಂದ ಈಚೆಗೆ ಆ ವೇಳೆ ಥ್ರೆಡ್ ಎಂಬ ಎಳೆಗಳೆಲ್ಲ ಒಂದೇ ಸಂಪರ್ಕವನ್ನು ಹಂಚಿಕೊಳ್ಳುತ್ತವೆ. ಒಬ್ಬನೇ ಓಡಿದ ಪಂದ್ಯದ ಗೆಲುವನ್ನು ಗೆಲುವೆನ್ನುವುದೆಂತು? ಆ ಏರ್ಪಾಡನ್ನು ನಿಲ್ಲಿಸಿ ಪರೀಕ್ಷಿಸಬೇಕು. ಉಳಿದ ದಾಖಲೆಗಳನ್ನು ಆಮೇಲೆ ನಾವೇ ಗುಡಿಸಬೇಕು.