ಕಾರಿನ ಹೆಡ್‌ಲೈಟುಗಳು ಉರಿಯದಿದ್ದಾಗ: ಕಾರಣಗಳ ಪರಿಶೋಧನೆ ಮತ್ತು ಪರಿಹಾರ

ರಾತ್ರಿಯ ವೇಳೆ ಮೋಟಾರು ವಾಹನದ ಹೆಡ್‌ಲೈಟುಗಳು ಎರಡು ಕಾರ್ಯಗಳನ್ನು ನಿರ್ವಹಿಸುತ್ತವೆ. ಮುಂದಿನ ರಸ್ತೆಯನ್ನು ಚಾಲಕನಿಗೆ ತೋರಿಸುವುದು ಮೊದಲನೆಯದು. ವಾಹನವೊಂದು ಬರುತ್ತಿದೆ ಎಂಬುದನ್ನು ಪಾದಚಾರಿಗಳಿಗೂ ಎದುರಿನ ವಾಹನದವರಿಗೂ ತಿಳಿಸುವುದು ಎರಡನೆಯದು. ದೀಪ ಉರಿಯದೆ ಹೋದಾಗ ಈ ಎರಡೂ ರಕ್ಷಣೆಗಳು ಒಮ್ಮೆಲೇ ಇಲ್ಲವಾಗುತ್ತವೆ. ಆದುದರಿಂದಲೇ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ಸೂರ್ಯಾಸ್ತದ ಅರ್ಧ ಗಂಟೆಯ ನಂತರವೂ, ಸಾಕಷ್ಟು ಬೆಳಕಿಲ್ಲದ ಇತರ ವೇಳೆಗಳಲ್ಲಿಯೂ ವಾಹನದ ದೀಪಗಳು ಉರಿಯುತ್ತಿರಬೇಕೆಂದು ವಿಧಿಸಿವೆ. ಮುಂದೆ 155 ಮೀಟರ್ ದೂರದಲ್ಲಿರುವ ವ್ಯಕ್ತಿಗಳು ಮತ್ತು ವಾಹನಗಳು ಆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುವಂತಿರಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಕಾರು ಈ ದೂರವನ್ನು ಸುಮಾರು ಒಂಬತ್ತು ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಅಪಾಯವನ್ನು ಕಂಡು ವಾಹನವನ್ನು ನಿಲ್ಲಿಸಲು ಚಾಲಕನಿಗೆ ದೊರೆಯುವ ಅವಧಿ ಇಷ್ಟೇ.

ಹೈದರಾಬಾದಿನಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳಿಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳೊಡನೆ ನಂಟುಂಟು. 1956ರವರೆಗೆ ಈ ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದವು. ಅಂಥ ಒಂದು ಕುಟುಂಬವು ಸಂಜೆ ಕಾಚಿಗುಡದಿಂದ ಸುಮಾರು 140 ಕಿ.ಮೀ. ದೂರದ ಬೀದರಿಗೆ ಕಾರಿನಲ್ಲಿ ಹೊರಟಿದೆಯೆಂದು ಭಾವಿಸೋಣ. ನಗರದ ಬೀದಿದೀಪಗಳ ಬೆಳಕಿನಲ್ಲಿ ತನ್ನ ಕಾರಿನ ದೀಪ ಉರಿಯುತ್ತಿಲ್ಲವೆಂಬುದು ಚಾಲಕನ ಅರಿವಿಗೇ ಬಾರದಿರಬಹುದು. ಪಟಾನ್‌ಚೆರು ದಾಟಿ ಜಹೀರಾಬಾದಿನ ಕಡೆ ಸಾಗಿದಂತೆ ಕತ್ತಲೆ ಆವರಿಸಿದಾಗಲೇ ದೋಷ ಗೋಚರಿಸುತ್ತದೆ. ಇಂಥ ಸಮಯದಲ್ಲಿ ಏನು ಮಾಡಬೇಕು? ದೋಷವನ್ನು ಹೇಗೆ ಕಂಡುಹಿಡಿಯಬೇಕು? ಈ ಪಾಠದಲ್ಲಿ ಅದನ್ನು ಕ್ರಮವಾಗಿ ವಿವರಿಸಲಾಗಿದೆ.

ಮೊದಲು ಸುರಕ್ಷತೆ

ದೀಪವಿಲ್ಲದ ಕಾರನ್ನು ಮುಂದಿನ ವಾಹನದ ಬೆಳಕನ್ನು ನಂಬಿ ಓಡಿಸಕೂಡದು. ವೇಗವನ್ನು ತಗ್ಗಿಸಿ, ರಸ್ತೆಯಿಂದ ಪೂರ್ತಿ ಎಡಕ್ಕೆ ಸರಿದು, ಸಾಧ್ಯವಾದರೆ ಪೆಟ್ರೋಲ್ ಬಂಕ್ ಅಥವಾ ಢಾಬಾದ ಬೆಳಕಿರುವ ಆವರಣದಲ್ಲಿ ನಿಲ್ಲಿಸಬೇಕು. ನಾಲ್ಕೂ ಇಂಡಿಕೇಟರುಗಳು ಮಿನುಗುವಂತೆ ಮಾಡಿ, ಬೆಳಕನ್ನು ಪ್ರತಿಫಲಿಸುವ ಕೆಂಪು ತ್ರಿಕೋನವನ್ನು ಕಾರಿನ ಹಿಂದೆ ಸಾಕಷ್ಟು ದೂರದಲ್ಲಿ ಇಡಬೇಕು. ಪ್ರಯಾಣಿಕರು ರಸ್ತೆಯ ಕಡೆಯ ಬಾಗಿಲಿನಿಂದ ಇಳಿಯಬಾರದು. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗಾಗಿ 1033, ತುರ್ತು ಸನ್ನಿವೇಶದಲ್ಲಿ 112 ಸಂಖ್ಯೆಗೆ ಕರೆಮಾಡಬಹುದು.

ವಿದ್ಯುತ್ತಿನ ಹಾದಿ

ದೋಷವನ್ನು ಹುಡುಕುವ ಮುನ್ನ ವಿದ್ಯುತ್ತು ಸಾಗುವ ಹಾದಿಯನ್ನು ತಿಳಿದಿರಬೇಕು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸ್, ರಿಲೇ ಮತ್ತು ತಂತಿಗಳ ಮೂಲಕ ಬಲ್ಬನ್ನು ತಲಪಿ, ಅಲ್ಲಿಂದ ಅರ್ತ್ ತಂತಿ ಹಾಗೂ ಕಾರಿನ ಲೋಹದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಸ್ಟಿಯರಿಂಗ್ ಬಳಿಯ ಸ್ವಿಚ್ಚು ರಿಲೇಯನ್ನು ಎಚ್ಚರಿಸುತ್ತದೆ. ರಿಲೇ ಹೆಚ್ಚಿನ ವಿದ್ಯುತ್ತನ್ನು ದೀಪಕ್ಕೆ ಹರಿಯಬಿಡುತ್ತದೆ. ಕೆಲವು ಹಳೆಯ ಕಾರುಗಳಲ್ಲಿ ರಿಲೇ ಇರುವುದಿಲ್ಲ. ಈ ಸರಪಳಿಯ ಯಾವುದೇ ಒಂದು ಕೊಂಡಿ ಕಳಚಿದರೂ ದೀಪ ಉರಿಯದು. ಕಳಚಿದ ಕೊಂಡಿ ಯಾವುದೆಂಬುದನ್ನು ಗುರುತಿಸುವುದೇ ಪರಿಶೋಧನೆಯ ಉದ್ದೇಶ. ಇದನ್ನು ತಿಳಿಯದೆ ಒಂದಾದ ಮೇಲೊಂದರಂತೆ ಬಿಡಿಭಾಗಗಳನ್ನು ಬದಲಾಯಿಸುವುದರಿಂದ ಹಣ ವ್ಯಯವಾಗುವುದೇ ಹೊರತು ದೋಷ ಪರಿಹಾರವಾಗುವ ಭರವಸೆಯಿಲ್ಲ.

ಒಂದು ದೀಪವೋ, ಎರಡೂ ದೀಪಗಳೋ?

ಕಾರನ್ನು ಗೋಡೆಯೊಂದಕ್ಕೆ ಎದುರಾಗಿ ನಿಲ್ಲಿಸಿ ಸ್ವಿಚ್ಚನ್ನು ಹಾಕಿದಾಗ ಮೊಟ್ಟಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಒಂದೇ ದೀಪ ಉರಿಯದಿದ್ದರೆ, ಬ್ಯಾಟರಿ ಮತ್ತು ಸ್ವಿಚ್ಚುಗಳು ಬಹುಮಟ್ಟಿಗೆ ನಿರ್ದೋಷಿಗಳು. ತಪ್ಪು ಆ ಬದಿಯ ಬಲ್ಬ್, ಕಪ್ಲರ್, ಅರ್ತ್ ಅಥವಾ ಆ ಬದಿಗೆ ಪ್ರತ್ಯೇಕವಾಗಿರುವ ಫ್ಯೂಸಿನಲ್ಲಿದೆ. ಎರಡೂ ದೀಪಗಳು ಒಮ್ಮೆಲೇ ನಂದಿದರೆ, ಎರಡಕ್ಕೂ ಸಮಾನವಾದ ಫ್ಯೂಸ್, ರಿಲೇ ಅಥವಾ ಸ್ವಿಚ್ಚನ್ನು ಮೊದಲು ಶಂಕಿಸಬೇಕು. ಆದರೆ ಒಂದು ಬಲ್ಬು ತಿಂಗಳುಗಳ ಹಿಂದೆಯೇ ಸುಟ್ಟಿದ್ದು, ಯಾರೂ ಗಮನಿಸದೆ ಇದ್ದು, ಈಗ ಎರಡನೆಯದೂ ಸುಟ್ಟಿರಬಹುದೆಂಬುದನ್ನು ಮರೆಯಬಾರದು.

ಬಲ್ಬಿನ ಪರೀಕ್ಷೆ

ಭಾರತದ ಅನೇಕ ಕಾರುಗಳಲ್ಲಿ ಎಚ್4 ಎಂಬ ಹ್ಯಾಲೊಜೆನ್ ಬಲ್ಬು ಬಳಕೆಯಲ್ಲಿದೆ. ಇದರೊಳಗೆ ಎರಡು ತಂತುಗಳಿವೆ: ದೂರಕ್ಕೆ ಬೀಳುವ ಹೈಬೀಮಿಗೆ 60 ವಾಟ್, ತಗ್ಗಿಸಿದ ಲೋಬೀಮಿಗೆ 55 ವಾಟ್. ಆದ್ದರಿಂದ ಒಂದು ತಂತು ಕಡಿದರೂ ಇನ್ನೊಂದು ಉರಿಯುತ್ತಿರಬಹುದು. ಲೋಬೀಮ್ ಇಲ್ಲವೆಂದು ಹೈಬೀಮಿನಲ್ಲಿಯೇ ಪ್ರಯಾಣ ಮುಂದುವರಿಸುವುದು ಎದುರಿನ ಚಾಲಕನ ಕಣ್ಣನ್ನು ಕುರುಡಾಗಿಸಿದಂತೆ.

ಸ್ವಿಚ್ಚನ್ನು ಆರಿಸಿ, ಬಲ್ಬು ತಣ್ಣಗಾದ ಬಳಿಕ ಹೊರತೆಗೆಯಬೇಕು. ಗಾಜು ಕಪ್ಪಾಗಿದ್ದರೆ ಅಥವಾ ತಂತು ತುಂಡಾಗಿದ್ದರೆ ಬಲ್ಬು ಸುಟ್ಟಿದೆಯೆಂದೇ ಅರ್ಥ. ಸಂಶಯವಿದ್ದಲ್ಲಿ ಎಡಬದಿಯ ಬಲ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ನೋಡಬೇಕು. ದೋಷವು ಬಲ್ಬಿನೊಡನೆ ಬದಿ ಬದಲಿಸಿದರೆ ಬಲ್ಬೇ ಕಾರಣ. ದೋಷ ಅದೇ ಬದಿಯಲ್ಲಿ ಉಳಿದರೆ ಕಪ್ಲರ್ ಇಲ್ಲವೇ ತಂತಿ ಕಾರಣ. ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಪರೀಕ್ಷೆಯಿದು. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಬಲ್ಬು ಬೇಗನೆ ಕೆಡುತ್ತದೆ.

ಫ್ಯೂಸ್, ರಿಲೇ ಮತ್ತು ಸ್ವಿಚ್ಚು

ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ ಅಥವಾ ಕಾರಿನ ಕೈಪಿಡಿಯಲ್ಲಿ ಹೆಡ್‌ಲೈಟಿನ ಫ್ಯೂಸ್ ಯಾವುದೆಂದು ಸೂಚಿಸಲಾಗಿರುತ್ತದೆ. ಕೆಂಪು ಬಣ್ಣದ್ದು 10, ನೀಲಿಯದು 15, ಹಳದಿಯದು 20 ಆಂಪಿಯರಿನದು. ಒಳಗಿನ ಲೋಹದ ಪಟ್ಟಿ ಕರಗಿದ್ದರೆ ಅಷ್ಟೇ ಆಂಪಿಯರಿನ ಹೊಸ ಫ್ಯೂಸನ್ನು ಹಾಕಬೇಕು. ಅದೂ ಕೂಡಲೇ ಸುಟ್ಟರೆ ಎಲ್ಲಿಯೋ ಶಾರ್ಟ್ ಸರ್ಕ್ಯೂಟ್ ಆಗಿದೆಯೆಂದು ತಿಳಿದು, ಆಟೋ ಎಲೆಕ್ಟ್ರಿಷಿಯನ್ನನ ಬಳಿ ಒಯ್ಯಬೇಕು.

ಫ್ಯೂಸ್ ಸರಿಯಿದ್ದರೆ ರಿಲೇಯನ್ನು ಪರೀಕ್ಷಿಸಬೇಕು. ಸ್ವಿಚ್ಚು ಹಾಕಿದೊಡನೆ ಅದರಿಂದ ‘ಟಕ್’ ಎಂಬ ಸಣ್ಣ ಸದ್ದು ಕೇಳಬೇಕು. ಹಾರ್ನಿನ ರಿಲೇ ಅದೇ ಸಂಖ್ಯೆಯದಾಗಿದ್ದರೆ ಅದನ್ನು ಹೆಡ್‌ಲೈಟಿನ ಸ್ಥಾನದಲ್ಲಿಟ್ಟು ನೋಡಬಹುದು. ದೀಪ ಉರಿದರೆ ದೋಷ ರಿಲೇಯದು. ಇದೂ ಸರಿಯಿದ್ದು, ಪಾರ್ಕಿಂಗ್ ದೀಪ ಉರಿದು ಹೆಡ್‌ಲೈಟು ಮಾತ್ರ ಉರಿಯದಿದ್ದರೆ ಸ್ವಿಚ್ಚಿನೊಳಗಿನ ಸಂಪರ್ಕಗಳು ಸುಟ್ಟಿರುವ ಸಂಭವವಿದೆ.

ಎಲ್ಲ ದೀಪಗಳೂ ಮಂಕಾಗಿದ್ದು ಹಾರ್ನ್ ಕೂಡ ಕ್ಷೀಣವಾಗಿದ್ದರೆ ಬ್ಯಾಟರಿಯತ್ತ ಗಮನ ಹರಿಸಬೇಕು. ಪೂರ್ತಿ ಚಾರ್ಜಾದ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಇದಕ್ಕಿಂತ ಬಹಳ ಕಡಿಮೆಯಿದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿಲ್ಲ. ಬಹಳ ಹೆಚ್ಚಿದ್ದರೆ ಬಲ್ಬುಗಳು ಮತ್ತೆ ಮತ್ತೆ ಸುಡುತ್ತವೆ.

ನೀರು, ಕಿಲುಬು ಮತ್ತು ಇಲಿಗಳು

2020ರ ಅಕ್ಟೋಬರಿನ ಭಾರೀ ಮಳೆಯಲ್ಲಿ ಹೈದರಾಬಾದಿನ ಅನೇಕ ಬಡಾವಣೆಗಳು ಜಲಾವೃತವಾಗಿದ್ದುದು ಹಲವರಿಗೆ ನೆನಪಿರಬಹುದು. ನೀರಿನಲ್ಲಿ ನಿಂತ ಕಾರು ಮರುದಿನ ಸರಿಯಾಗಿ ಓಡಿದರೂ ಕಪ್ಲರಿನೊಳಗೆ ಉಳಿದ ತೇವದಿಂದ ಕ್ರಮೇಣ ಹಸಿರು ಕಿಲುಬು ಬೆಳೆದು, ಕೆಲವು ತಿಂಗಳುಗಳ ಬಳಿಕ ದೀಪ ನಂದಬಹುದು. ಅರ್ತ್ ತಂತಿಯ ಬೋಲ್ಟು ತುಕ್ಕು ಹಿಡಿದಾಗ ದೀಪ ಮಂಕಾಗುತ್ತದೆ, ಇಲ್ಲವೇ ಮಿಣುಕುತ್ತದೆ. ಬ್ಯಾಟರಿಯ ಸಂಪರ್ಕವನ್ನು ಕಳಚಿ, ಬೋಲ್ಟಿನ ತಾಣವನ್ನು ಉಜ್ಜುಕಾಗದದಿಂದ ಹೊಳಪಾಗುವಂತೆ ಉಜ್ಜಿ ಬಿಗಿಮಾಡಿದರೆ ಈ ತೊಂದರೆ ಬಹುತೇಕ ನಿವಾರಣೆಯಾಗುತ್ತದೆ. ಬಹಳ ದಿನ ನಿಲ್ಲಿಸಿದ ಕಾರುಗಳಲ್ಲಿ ಇಲಿಗಳು ತಂತಿ ಕಡಿದಿವೆಯೇ ಎಂಬುದನ್ನೂ ನೋಡತಕ್ಕದ್ದು.

ಮಾಡಬಾರದ ಕೆಲಸಗಳು

ಸುಟ್ಟ ಫ್ಯೂಸಿನ ಸ್ಥಾನದಲ್ಲಿ ತಾಮ್ರದ ತಂತಿಯನ್ನಾಗಲಿ, ಸಿಗರೇಟು ಪೆಟ್ಟಿಗೆಯ ಬೆಳ್ಳಿಕಾಗದವನ್ನಾಗಲಿ ಸೇರಿಸುವುದು ಅತ್ಯಂತ ಅಪಾಯಕರ. ತಂತಿ ಕಾಯುವ ಮುನ್ನ ತಾನು ಕರಗಿ ಕಾರನ್ನು ಬೆಂಕಿಯಿಂದ ಉಳಿಸುವುದೇ ಫ್ಯೂಸಿನ ಕೆಲಸ. ಹೆಚ್ಚಿನ ಬೆಳಕಿನ ಆಸೆಯಿಂದ 100 ವಾಟ್ ಬಲ್ಬುಗಳನ್ನು ಹಾಕಿಸುವುದೂ ಸಲ್ಲದು. 60 ವಾಟ್‌ನ ತಂತು 12 ವೋಲ್ಟಿನಲ್ಲಿ 5 ಆಂಪಿಯರ್ ಸೆಳೆದರೆ 100 ವಾಟ್‌ನದು 8 ಆಂಪಿಯರಿಗಿಂತ ಹೆಚ್ಚು ಸೆಳೆಯುತ್ತದೆ. ಎರಡೂ ಕೂಡಿದಾಗ 15 ಆಂಪಿಯರಿನ ಮಿತಿ ಮೀರುತ್ತದೆ, ಹೋಲ್ಡರು ಕರಗುತ್ತದೆ. ಎಲ್‌ಇಡಿ ದೀಪಗಳಲ್ಲಿ ಬಹಳಷ್ಟು ವೇಳೆ ಬದಲಾಯಿಸಬಹುದಾದ ಬಲ್ಬೇ ಇರುವುದಿಲ್ಲ. ಜೆನಾನ್ ದೀಪಗಳು ಹೊತ್ತಿಕೊಳ್ಳುವಾಗ ಸಹಸ್ರಾರು ವೋಲ್ಟ್ ಉತ್ಪನ್ನವಾಗುತ್ತದೆ. ಇವುಗಳನ್ನು ತರಬೇತಾದ ತಂತ್ರಜ್ಞರೇ ಬಿಚ್ಚಬೇಕು.

ವಾರಕ್ಕೆರಡು ನಿಮಿಷ

ವಾರಕ್ಕೊಮ್ಮೆ ಗೋಡೆಯೆದುರು ನಿಂತು ಹೈಬೀಮ್ ಮತ್ತು ಲೋಬೀಮ್ ಎರಡನ್ನೂ ಪರೀಕ್ಷಿಸಲು ಎರಡು ನಿಮಿಷ ಸಾಕು. ಒಂದು ಬಲ್ಬು, ಕೆಲವು ಫ್ಯೂಸುಗಳು ಮತ್ತು ಒಂದು ಟಾರ್ಚು ಕಾರಿನಲ್ಲಿ ಸದಾ ಇರಲಿ. ಒಂದೇ ದೀಪದ ಕಾರನ್ನು ಎದುರಿನವರು ಮೋಟಾರ್ ಸೈಕಲ್ಲೆಂದು ಭ್ರಮಿಸಿ ಅದರ ಪಕ್ಕದಲ್ಲಿಯೇ ಹಾದುಹೋಗಲು ಯತ್ನಿಸಬಹುದು. ಆದಕಾರಣ ‘ಒಂದಾದರೂ ಉರಿಯುತ್ತಿದೆಯಲ್ಲ’ ಎಂಬ ಸಮಾಧಾನ ಸರಿಯಲ್ಲ. ದೋಷ ದೊರೆಯದಿದ್ದರೆ, ಅಥವಾ ದೊರೆತರೂ ರಸ್ತೆಯಲ್ಲಿ ಸರಿಪಡಿಸಲಾಗದಿದ್ದರೆ, ಆ ರಾತ್ರಿ ಪ್ರಯಾಣವನ್ನು ನಿಲ್ಲಿಸಿ ಬೆಳಗಾದ ಮೇಲೆ ಹೊರಡುವುದೇ ವಿವೇಕ. ಊರಿನಲ್ಲಿ ಕಾಯುತ್ತಿರುವವರಿಗೆ ಕೆಲವು ಗಂಟೆಗಳ ವಿಳಂಬ ಸಹ್ಯವಾದೀತು.